ಬೆರಳು ತೋರಿಸಿದ ಮರ

ಕಾಲೇಜಿನ ಹಿಂದಿನ ಪೈನ್ ತೋಪಿನಲ್ಲಿ ಆರು ಮರಗಳು ತಲೆಯಿಂದ ಬುಡದವರೆಗೆ ಕೆಂಪಾಗಿದ್ದವು. ಸುತ್ತಲಿನವು ಹಸಿರಾಗೇ ಇದ್ದವು.

ಮೊದಲು ನೋಡಿದ್ದು ಯಾಕಮ್ಮ. ಅದು ಅವಳ ಹೆಸರಲ್ಲ. ಪಾಠದ ನಡುವೆ ಕೈಯೆತ್ತಿ 'ಯಾಕೆ' ಅಂತ ಕೇಳೀ ಕೇಳೀ ಗೆಳೆಯರಿಂದ ಸಂಪಾದಿಸಿದ ಬಿರುದು. ನೈಸರ್ಗಿಕ ಸಂಪನ್ಮೂಲ ಮತ್ತು ಸಂರಕ್ಷಣೆ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ. ಅಂಥದ್ದೊಂದು ವಿಭಾಗ ಆ ಪುಟ್ಟ ಕಾಲೇಜಿನಲ್ಲಿದೆ ಅನ್ನುವುದೇ ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಅವಳು ಮಂಡಿಯೂರಿ ಬುಡ ನೋಡಿದಳು. ಒಂದು ಕಡೆ ತೊಗಟೆಯ ಚೂರನ್ನು ಮಣ್ಣಿನಿಂದ ಮೆತ್ತಿದ್ದರು. ಕಿತ್ತಳು. ಒಳಗೆ ತೂತು. ಮೂಗು ಹಿಡಿಯುವಂಥ ಘಾಟು. ಯಾರೋ ಕೊರೆದು ಕಳೆನಾಶಕ ಸುರಿದಿದ್ದರು.

ಉಳಿದ ಐದರಲ್ಲೂ ಅದೇ ಕಥೆ.

* * *

ದೂರು ಕೊಟ್ಟವಳೇ ಮಧ್ಯಾಹ್ನದ ಹೊತ್ತಿಗೆ ಆರೋಪಿಯಾಗಿದ್ದಳು.

ಕಾರಣವಿತ್ತು. ಸತ್ತ ಮರಗಳಲ್ಲಿ, ಎದೆಯೆತ್ತರಕ್ಕೆ, ಯಾಕಮ್ಮ ಕೊರೆದ ತೂತುಗಳು ಕಂಡಿದ್ದವು. ಅವಳ ಅಧ್ಯಯನವೇ ಅದು. ಟೊಳ್ಳು ಬೈರಿಗೆಯಿಂದ ಪೆನ್ಸಿಲ್‌ನಷ್ಟು ಸಣ್ಣ ಕಡ್ಡಿ ತೆಗೆದರೆ, ಮರ ಕಡಿಯದೆಯೇ ಒಳಗಿನ ಉಂಗುರಗಳನ್ನು ಓದಬಹುದು. ಯಾವ ವರ್ಷ ಚೆನ್ನಾಗಿ ಬೆಳೆಯಿತು, ಯಾವ ವರ್ಷ ಸೊರಗಿತು, ಎಲ್ಲ ಅಲ್ಲಿರುತ್ತದೆ.

ಪ್ರಿನ್ಸಿಪಾಲ್ ಮೇಡಂ ಹೆಚ್ಚು ಮಾತಾಡಲಿಲ್ಲ. ಅವಳ ತೂತುಗಳಿಂದಲೇ ಮರ ಸತ್ತಿವೆ, ಅದನ್ನು ಮುಚ್ಚಿಕೊಳ್ಳಲು ವಿಷದ ಕಥೆ ಕಟ್ಟಿದ್ದಾಳೆ ಅಂದರು. ನಾಳೆಯೊಳಗೆ ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವೇ ಕಾಲೇಜು ಬಿಡಬೇಕು.

ಅವಳ ಪರವಾಗಿ ನಿಂತವರು ವಿಭಾಗದ ಮುಖ್ಯಸ್ಥರು ಒಬ್ಬರೇ. ಅವಳ ಮಾರ್ಗದರ್ಶಕರೂ ಅವರೇ. ಹೊರಗೆ ಬಂದ ಮೇಲೆ ಹೆಗಲ ಮೇಲೆ ಕೈಯಿಟ್ಟರು.

"ಬರೆದುಕೊಟ್ಟುಬಿಡು ಮಗು. ಚಿಕ್ಕ ವಯಸ್ಸು, ತಪ್ಪಾಗುತ್ತೆ. ಮುಂದಿನದು ನಾನು ನೋಡ್ಕೋತೀನಿ."

"ಮಾಡದ ತಪ್ಪಿಗೆ ಯಾಕೆ ಸರ್?" ಅಂದಳು ಯಾಕಮ್ಮ.

ಅವಳು ಉಳಿದುಕೊಂಡಿದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಆಸ್ಪತ್ರೆಯಲ್ಲಿ ನರ್ಸ್, ಸುತ್ತಿಬಳಸಿ ಮಾತಾಡುವವಳಲ್ಲ. ನಾಲ್ಕು ಸಾಲು ಬರೆದರೆ ಕೈ ಸವೆಯುವುದಿಲ್ಲ, ಡಿಗ್ರಿ ಕೈಗೆ ಬರಲಿ, ಆಮೇಲೆ ಎಷ್ಟು ಬೇಕಾದರೂ ಹಾರಾಡು ಅಂದಳು. ಯಾಕಮ್ಮ ತಟ್ಟೆ ಸರಿಸಿ ಎದ್ದಳು. ಬರೆದರೆ ಸತ್ತ ಮರಗಳ ಮೇಲೆ ತನ್ನ ಹೆಸರು ಶಾಶ್ವತವಾಗಿ ಕೂತುಬಿಡುತ್ತದೆ. ಕೊಂದವನು ಆರಾಮಾಗಿ ಓಡಾಡಿಕೊಂಡಿರುತ್ತಾನೆ.

* * *

ಮರುದಿನ ಬೆಳಿಗ್ಗೆ ಮೊದಲು ಹುಡುಕಿದ್ದು ಆಟದ ಮೇಷ್ಟ್ರನ್ನು. ಮೈದಾನ ದೊಡ್ಡದಾಗಬೇಕು, ಆ ತೋಪು ಅಡ್ಡ ಅಂತ ಅವರು ಎಲ್ಲರೆದುರೇ ಹೇಳಿಕೊಂಡು ತಿರುಗುತ್ತಿದ್ದರು. ಅವರ ಕೋಣೆಯಲ್ಲಿ ಡ್ರಿಲ್ ಮೆಷಿನ್ನೂ ಇತ್ತು.

ಅವರು ಸಿಡುಕಲಿಲ್ಲ, ನಕ್ಕರು.

"ನಾನಾಗಿದ್ರೆ ಮೈದಾನದ ಅಂಚಿನ ಮರಗಳನ್ನ ಕೊಲ್ತಿದ್ದೆ. ಸತ್ತಿರೋದು ಒಂದು ಅಲ್ಲಿ, ಒಂದು ಇಲ್ಲಿ. ಅದ್ರಿಂದ ನಂಗೇನಮ್ಮ ಸಿಗುತ್ತೆ?"

ಮಾತು ಸರಿಯಾಗಿತ್ತು. ಯಾಕಮ್ಮ ಅಲ್ಲೇ ನಿಂತಳು. ಇಷ್ಟು ಹೊತ್ತು ತಪ್ಪು ಪ್ರಶ್ನೆ ಹಿಡಿದುಕೊಂಡು ಓಡಾಡಿದ್ದೆ ಅನ್ನಿಸಿತು. ಯಾರು ಅಂತಲ್ಲ, ಇವೇ ಆರು ಯಾಕೆ?

ತೋಪಿಗೆ ಓಡಿದಳು. ಒಂದೊಂದೇ ಮರವನ್ನು ಕೈಯಿಂದ ತಡವುತ್ತ ಸುತ್ತಿದಳು. ನಿನ್ನೆ ಬುಡಗಳನ್ನಷ್ಟೇ ನೋಡಿದ್ದಳು. ಆರನೆಯ ಮರದ ಹತ್ತಿರ ಕೈ ನಿಂತಿತು.

* * *

ಎಲ್ಲರನ್ನೂ ತೋಪಿಗೇ ಕರೆಸಿದಳು. ಪ್ರಿನ್ಸಿಪಾಲ್ ಮೇಡಂ ಗಡಿಯಾರ ನೋಡಿಕೊಳ್ಳುತ್ತಲೇ ಬಂದರು. ಮುಖ್ಯಸ್ಥರು ಬಂದರು, ಆಟದ ಮೇಷ್ಟ್ರು ತಮಾಷೆ ನೋಡಲು ಬಂದರು.

ಯಾಕಮ್ಮ ಒಂದು ಸತ್ತ ಮರದ ಎದೆಯೆತ್ತರದ ತೂತಿಗೆ ಕಡ್ಡಿ ತೂರಿಸಿದಳು. ಅದು ಒಳಗೆ ಮೇಲ್ಮುಖವಾಗಿ ಹೋಯಿತು. ಮಳೆನೀರು ನಿಲ್ಲಬಾರದೆಂದು ತಾನು ಯಾವಾಗಲೂ ಹೀಗೇ ಕೊರೆಯುವುದು ಅಂದಳು. ಆಮೇಲೆ ಬುಡದ ತೂತಿಗೆ ಇನ್ನೊಂದು ತೂರಿಸಿದಳು. ಅದು ಕೆಳಮುಖವಾಗಿ ಇಳಿಯಿತು. ಸುರಿದದ್ದು ಒಳಗೇ ನಿಲ್ಲಲಿ ಅಂತ.

"ಎರಡನ್ನೂ ನೀನೇ ಕೊರೆದಿರಬಹುದಲ್ಲ?" ಅಂದರು ಮೇಡಂ.

"ಈ ಆರನೆಯ ಮರ ನೋಡಿ ಮೇಡಂ. ಇದರಲ್ಲಿ ನನ್ನ ತೂತೇ ಇಲ್ಲ. ಬುಡದ್ದು ಮಾತ್ರ ಇದೆ."

ಮೇಡಂ ಮರವನ್ನು ಸುತ್ತಿ ನೋಡಿದರು. ಇರಲಿಲ್ಲ.

ಯಾಕಮ್ಮ ವಿವರಿಸಿದಳು. ಅಧ್ಯಯನಕ್ಕೆ ಆರು ಮರ ಆರಿಸಿದ ದಿನ ಮುಖ್ಯಸ್ಥರು ಅವಳ ಜೊತೆಗಿದ್ದರು. ಗುರುತು ಹಾಕಬೇಡ ಅಂದವರೂ ಅವರೇ. ಅವಳು ಒಂದೊಂದನ್ನೂ ಬೆರಳು ಮಾಡಿ ತೋರಿಸಿದ್ದಳು. ಆಮೇಲೆ ಬೈರಿಗೆ ಹಿಡಿದು ಒಬ್ಬಳೇ ಬಂದಾಗ, ಆರನೆಯದನ್ನು ತಟ್ಟಿದರೆ ಡಬಡಬ ಅಂದಿತು. ಒಳಗೆ ಟೊಳ್ಳು. ಅದನ್ನು ಬಿಟ್ಟು ಪಕ್ಕದ ಮರ ಕೊರೆದಿದ್ದಳು. ಯಾರಿಗೂ ಹೇಳಿರಲಿಲ್ಲ.

"ಪಕ್ಕದ ಮರ ಇದು. ಎದೆಯೆತ್ತರಕ್ಕೆ ನನ್ನ ತೂತಿದೆ, ಅಂಟು ಕಟ್ಟಿದೆ. ಮರ ಹಸಿರಾಗಿದೆ. ಕೊಂದವರು ನನ್ನ ತೂತು ಹುಡುಕಿ ನೋಡಿಲ್ಲ, ನಾನು ಕೊರೆದ ಮರ ಅವರಿಗೆ ಗೊತ್ತಿರಲಿಲ್ಲ. ಬೆರಳು ತೋರಿಸಿದ ಮರ ಗೊತ್ತಿತ್ತು. ಅದನ್ನ ನೋಡಿದ್ದು ನೀವೊಬ್ಬರೇ ಸರ್."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು.

ಯಾಕೆ ಅನ್ನುವುದನ್ನೂ ಅವಳೇ ಹೇಳಿದಳು. ಅಂತರ್ಜಲ ಬತ್ತುತ್ತಿದೆ, ಈ ತೋಪು ಒಣಗಿ ಸಾಯುತ್ತದೆ ಅಂತ ಅವರು ವರ್ಷಗಳಿಂದ ಸಭೆ ಸಭೆಯಲ್ಲಿ ಭಾಷಣ ಮಾಡಿದ್ದರು. ಅದರಿಂದಲೇ ಹೆಸರಾಗಿತ್ತು. ಅವಳು ತೆಗೆದ ಕಡ್ಡಿಗಳಲ್ಲಿ ಇತ್ತೀಚಿನ ಉಂಗುರಗಳು ಅಗಲವಾಗಿ, ಗಟ್ಟಿಮುಟ್ಟಾಗಿದ್ದವು. ಅವುಗಳನ್ನು ತೋರಿಸಿದ ದಿನ ಅವರು ಅರ್ಧಕ್ಕೇ ಎದ್ದು ಹೋಗಿದ್ದರು. ಆ ಮರಗಳೇ ಸತ್ತರೆ ಅವಳ ಅಧ್ಯಯನ ನಗೆಪಾಟಲು, ಅವರ ಭವಿಷ್ಯವಾಣಿ ನಿಜ.

"ಇವತ್ತಲ್ಲ ನಾಳೆ ಅವು ಸಾಯೋವೇ," ಅಂದರು ಮುಖ್ಯಸ್ಥರು, ಯಾರ ಮುಖವನ್ನೂ ನೋಡದೆ. "ನಾನು ಸ್ವಲ್ಪ ಮುಂಚೆ..."

"ಸಾಯ್ತಿರಲಿಲ್ಲ ಸರ್. ನಿಮ್ಮ ಲೆಕ್ಕ ತಪ್ಪಿತ್ತು, ಅಷ್ಟೆ. ತಪ್ಪು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

ಅವರು ತೋಪಿನಿಂದ ಹೊರಗೆ ನಡೆದರು. ಆಟದ ಮೇಷ್ಟ್ರು ದಾರಿ ಬಿಟ್ಟುಕೊಟ್ಟರು.

* * *

ಸಂಜೆ ಮೇಡಂ ಅವಳನ್ನು ಕರೆಸಿ ಕುರ್ಚಿ ತೋರಿಸಿದರು. ಮುಖ್ಯಸ್ಥರು ರಾಜೀನಾಮೆ ಕೊಟ್ಟಿದ್ದರು. ಅವಳ ಮೇಲಿನ ಆರೋಪ ಬಿದ್ದುಹೋಗಿತ್ತು. ಒಂದೇ ಒಂದು ಕೋರಿಕೆ ಅಂದರು. ಪುಟ್ಟ ಕಾಲೇಜು, ಪುಟ್ಟ ವಿಭಾಗ, ಹೆಸರು ಕೆಟ್ಟರೆ ಮುಚ್ಚಬೇಕಾಗುತ್ತದೆ. ಪ್ರಬಂಧದಲ್ಲಿ ಮರಗಳು ರೋಗದಿಂದ ಸತ್ತವು ಅಂತ ಬರೆದರೆ ಎಲ್ಲರಿಗೂ ಒಳ್ಳೆಯದು.

ಯಾಕಮ್ಮ ಕೂರಲಿಲ್ಲ.

"ಮರ ಹೇಗೆ ಸತ್ತಿತು ಅಂತ ಸುಳ್ಳು ಬರೆಯೋ ವಿಭಾಗ ಮುಚ್ಚಿದ್ರೆ ನಷ್ಟ ಏನು ಮೇಡಂ?" ಅಂದಳು. "ಯಾರು ಕೊಂದರು, ಹೇಗೆ ಕೊಂದರು, ಎರಡನ್ನೂ ಬರೀತೀನಿ. ಮೊದಲ ಪುಟದಲ್ಲೇ."