ಬಾಗಿಲ ತೊಲೆಗೆ ಕಟ್ಟಿದ ತಡೆ

“ಅದನ್ನು ಕಟ್ಟುದು ಬೇಡ ದಣಿ,” ವಾಚ್‌ಮನ್ ತ್ಯಾಂಪಣ್ಣ ಕೈಮುಗಿದ. “ತಡೆಗೆ ದಣಿ ಯಾರು, ಆಳು ಯಾರು ಅಂತ ಗೊತ್ತಾಗುದಿಲ್ಲ.”

ಲತೀಶ್ ನಕ್ಕ. ಬೆಳ್ಳಾರೆಯ ಆಚೆ ಮುಚ್ಚಿಹೋಗಿದ್ದ ಗೇರುಬೀಜದ ಕಾರ್ಖಾನೆಯನ್ನೂ ಅದರ ಹಿಂದೆ ಕೆಲಸದವರು ಇರುವ ಲೈನ್‌ಮನೆಗಳನ್ನೂ ಪುತ್ತೂರಿನ ಈ ಮನುಷ್ಯ ಕೊಂಡು ಆರು ತಿಂಗಳಾಗಿತ್ತಷ್ಟೆ. ಬೀಜ ಒಡೆಯುವ ಹೆಂಗಸರು ತಿರುಳು ಕದಿಯುತ್ತಾರೆಂಬುದು ಅವನ ಗುಮಾನಿ. ಕ್ಯಾಮೆರಾದ ಖರ್ಚು ಕೇಳಿ ಹೌಹಾರಿದವನು, ಗುತ್ತಿಗಾರಿನ ಒಬ್ಬ ಮಂತ್ರವಾದಿಯಿಂದ ಐನೂರು ರೂಪಾಯಿಗೆ ತಡೆ ತಂದಿದ್ದ. ಕರಿನೂಲು ಸುತ್ತಿ ಮುಚ್ಚಿದ ಒಂದು ತೆಂಗಿನ ಗೆರಟೆ, ಒಳಗೆ ಏನಿದೆಯೋ ಅವನಿಗೂ ಗೊತ್ತಿಲ್ಲ. ಕಳ್ಳರ ಹೊಟ್ಟೆ ಉಬ್ಬಿಸುವ ಕಟ್ಟು ಅದು. ಅವನಿಗೆ ನಂಬಿಕೆ ಎಳ್ಳಷ್ಟೂ ಇರಲಿಲ್ಲ. ಹೆಂಗಸರು ನಂಬಿದರೆ ಸಾಕಿತ್ತು.

“ಕಟ್ಟಿದವರೇ ಬಿಚ್ಚಬೇಕು,” ತ್ಯಾಂಪಣ್ಣ ಬಿಡಲಿಲ್ಲ. “ಅದೂ ಕದ್ದವ ಎಲ್ಲರ ಎದುರು ‘ಕದ್ದೆ’ ಅಂತ ಹೇಳಿದ ಮೇಲೆ. ಇಲ್ಲದಿದ್ರೆ ಗಂಟು ಬಿಡುದಿಲ್ಲ.”

“ನಿಮಗೆ ಎಂತದ್ದು ಹೆದರಿಕೆ ಮಾರಾಯ್ರೆ? ನೀವೂ ಕದಿಯುದುಂಟಾ?”

ನಲವತ್ತು ಹೆಂಗಸರು ನೋಡುತ್ತಿರುವಾಗಲೇ ಸ್ಟೂಲು ಹತ್ತಿದ. ಬಾಗಿಲ ತೊಲೆಗೆ ಅದನ್ನು ಕಟ್ಟಿ, ಮಂತ್ರವಾದಿ ಹೇಳಿಕೊಟ್ಟ ಮಾತನ್ನು ನಾಟಕದವರ ದನಿಯಲ್ಲಿ ಕೂಗಿದ: “ಈ ಅಂಗಳದಲ್ಲಿ ಇನ್ನೊಬ್ಬರ ಪಾಲು ಕದ್ದವರ ಹೊಟ್ಟೆ ಇಳಿಯದಿರಲಿ!”

ಶನಿವಾರ ಸಂಬಳ. ಅದರಲ್ಲಿ ಲತೀಶ್ ಕೋಣೆ ಬಾಡಿಗೆ ಹಿಡಿದ. ನೀರಿಗೆ, ಬಲ್ಬಿಗೆ ಹಿಡಿದ. ಮಾಡು ರಿಪೇರಿ ಎಂದೂ ಹಿಡಿದ. ಛಾವಣಿಯ ಒಂದು ಹಂಚೂ ಬದಲಾಗಿರಲಿಲ್ಲ. ದುಡಿಸುವವನೂ ಅವನೇ, ಮನೆ ಕೊಟ್ಟವನೂ ಅವನೇ. ಬಾಯಿ ತೆರೆದರೆ ಕೆಲಸದ ಜತೆ ಸೂರೂ ಹೋಗುತ್ತದೆ. ಇಂಥ ಕಸುಬಿಗೆ ಕನ್ನ ಕೊರೆಯುವ ಕಷ್ಟವಿಲ್ಲ, ಪೆನ್ನು ಸಾಕು.

ಮುದುಕಿ ಚೆನ್ನು ಮಾತ್ರ, ಬೀಜದ ಎಣ್ಣೆಗೆ ಸುಟ್ಟು ಕಪ್ಪಾದ ಬೆರಳುಗಳಲ್ಲಿ ನೋಟು ಹಿಡಿದು ಅಲ್ಲೇ ನಿಂತಳು. “ಮಾಡು ಸೋರ್ತಾ ಉಂಟು ದಣಿ. ರಿಪೇರಿ ಎಲ್ಲಿ ಆದದ್ದು?”

“ಕೋಣೆ ಖಾಲಿ ಮಾಡು. ಆಗ ನಿನ್ನ ತಲೆ ಮೇಲೆ ಸೋರುದಿಲ್ಲ.”

ಅಂದು ಮಧ್ಯಾಹ್ನ ಲತೀಶನ ಅನ್ನಕ್ಕೆ ಬೀಜದ ಸಿಪ್ಪೆ ಸುಟ್ಟ ಹೊಗೆಯ ವಾಸನೆ. ಮೀನುಸಾರಿಗೂ ಅದೇ. ಎರಡು ತುತ್ತಿಗೆ ಹೊಟ್ಟೆ ಬಿಗಿಯಿತು. ಮಂಗಳವಾರ ಅಂಗಿಯ ಗುಂಡಿ ಕೂಡಲಿಲ್ಲ. ಪುತ್ತೂರಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಗ್ಯಾಸ್ ಎಂದರು. ಆದರೆ ಮಗ್ಗುಲಾದರೆ ಹೊಟ್ಟೆಯೊಳಗೆ ಸದ್ದು. ಟಕ್. ಟಕ್. ಬೀಜ ಒಡೆಯುವ ಸದ್ದು. ಹಸಿವು ಕಿತ್ತು ತಿನ್ನುತ್ತಿತ್ತು, ನೀರೂ ಇಳಿಯುತ್ತಿರಲಿಲ್ಲ. ಲತೀಶ್ ಮೊದಲ ಬಾರಿಗೆ ಹೆದರಿದ.

ಮುಂದಿನ ಶನಿವಾರ ಹಿಡಿದದ್ದನ್ನೆಲ್ಲ ಹೆಂಗಸರಿಗೆ ಹಿಂದಕ್ಕೆ ಕೊಟ್ಟ. ಹೊಟ್ಟೆ ಇಳಿಯಲಿಲ್ಲ. ತಡೆ ಬಿಚ್ಚಲು ಸ್ಟೂಲು ಹತ್ತಿದ. ಅಷ್ಟರಲ್ಲಿ ಕರೆಂಟು ಹೋಯಿತು. ಹುರಿಯುವ ಕೋಣೆಯ ಹೊಗೆ ನುಗ್ಗಿ ಹಾಡುಹಗಲೇ ಕತ್ತಲೆಯಾಯಿತು. ಗಂಟು ಕಲ್ಲಾಗಿತ್ತು.

“ಲೆಕ್ಕ ತಪ್ಪಿತ್ತು,” ಎಂದ.

ನೂಲು ಬೆರಳಿಗೆ ಸುತ್ತಿಕೊಂಡಿತು.

“ಕ್ಲರ್ಕಿನ ತಪ್ಪು!”

ನೂಲು ಬಿಗಿಯಿತು. ರಕ್ತ ಜಿನುಗಿತು.

“ಕದ್ದೆ ಅನ್ನಿ ದಣಿ,” ಚೆನ್ನು ಕೆಳಗಿನಿಂದ ಕೂಗಿದಳು. “ಒಂದೇ ಮಾತು. ಜೀವ ಉಳಿತದೆ.”

ಕೆಳಗೆ ನಲವತ್ತು ಮುಖಗಳು. ಇವರ ಎದುರು? ಇವರ ಬಾಯಲ್ಲಿ ತಾನು ಕಳ್ಳನೇ? ಅವನಿಗೆ ಸಾವಿಗಿಂತ ಆ ನಾಚಿಕೆಯೇ ದೊಡ್ಡದಾಗಿ ಕಂಡಿತು.

“ಮಾಡು ರಿಪೇರಿಗೆ… ಹಿಡಿದದ್ದು…”

ಟಕ್. ಟಕ್. ಟಕ್. ಹೊಟ್ಟೆ ಎದೆಗೇರಿತು. ಉಸಿರಿಲ್ಲ. ಹೊಗೆ. ಕತ್ತಲೆ. ಹೇಳಬೇಕು. ಈಗಲೇ. ಬಾಯಿ ತೆರೆದ.

“ಕ…”

ಸ್ಟೂಲು ಮಗುಚಿತು. ಹೆಂಗಸರು ಓಡಿ ಬಂದು ಎತ್ತುವಾಗ ಜೀವ ಇರಲಿಲ್ಲ.

ಈಗ ಕಾರ್ಖಾನೆ ನೋಡಿಕೊಳ್ಳುವುದು ಅವನ ಭಾವ ಸಂಪ್ರೀತ್. ತಡೆ ಅಲ್ಲೇ ತೂಗುತ್ತಿದೆ. ಕಟ್ಟಿದವನೇ ಇಲ್ಲದ ಮೇಲೆ ಬಿಚ್ಚುವವರು ಯಾರು? ಮೊದಲ ಸಂಬಳದ ದಿನ ಸಂಪ್ರೀತ್ ಪೆನ್ನು ತೆಗೆದು, “ಮಾಡಿಗೆ ಎಷ್ಟು ಹಿಡಿಯುದು?” ಎಂದು ಕೇಳಿದ.

ತ್ಯಾಂಪಣ್ಣ ತೊಲೆಯತ್ತ ನೋಡಿದ. ಬಾಗಿಲ ಮೇಲೆ, ಗೆರಟೆಯೊಳಗೆ, ಟಕ್ ಎಂದಿತು.

ಸಂಪ್ರೀತ್ ಪೆನ್ನಿಗೆ ಮುಚ್ಚಳ ಹಾಕಿದ. ಸೋಮವಾರ ಚೆನ್ನುವಿನ ಕೋಣೆಗೆ ಹೊಸ ಹಂಚು ಬಂತು.