ಮೊಣಕೈ ಮಟ್ಟದ ಮೇಜು

"ಅಪ್ಪ, ಅಲ್ಲಾಡ್ಬೇಡ. ಅಳತೆ ತಪ್ಪತ್ತೆ," ಎಂದಳು ಪದ್ದು.

ಮುಲುಂಡ್ ಸ್ಟೇಷನ್ ಹಿಂದಿನ ಹಳೇ ಫರ್ನಿಚರ್ ಅಂಗಡಿಯಲ್ಲಿ ಅವಳ ಅಪ್ಪ ತಿರುಮಲೇಶ ಮೊಣಕೈ ಮಡಿಸಿಕೊಂಡು, ಆರತಿ ತಟ್ಟೆ ಹಿಡಿದವರಂತೆ ನಿಂತಿದ್ದರು. ಪದ್ದು ನೆಲದಿಂದ ಮೊಣಕೈವರೆಗೆ ಟೇಪು ಹಿಡಿದಿದ್ದಳು.

ಅಪ್ಪನ ಕೆಲಸ ಮನೆಯಲ್ಲೇ. ಆಡ್ ಕಂಪನಿಯವರು ಕೊಟ್ಟ ಜಾಹೀರಾತುಗಳನ್ನು ಅವರು ಕನ್ನಡದಲ್ಲಿ ಬರೆದುಕೊಡುತ್ತಿದ್ದರು. ಸೋಪು, ಹಲ್ಲುಪುಡಿ, ಬೆನ್ನುನೋವಿನ ಮುಲಾಮು. ಮಂಚದ ಮೇಲೆ ಬಗ್ಗಿ ಕೂತು ಬರೆದೂ ಬರೆದೂ ಕೊನೆಗೆ ಮುಲಾಮು ಅವರಿಗೇ ಬೇಕಾಯಿತು. ಅದರಿಂದ ಏನೂ ಆಗಲಿಲ್ಲ.

"ಅದು ಬರೆದೋರಿಗೇ ಗೊತ್ತಿರಲಿಲ್ವಾ?" ಎಂದಿದ್ದರು ಅಮ್ಮ.

ಡಾಕ್ಟರು ಮಾತ್ರ ಖಡಾಖಂಡಿತವಾಗಿ ಹೇಳಿದ್ದರು. ಕೂರುವುದು ಬಿಡಿ, ನಿಂತು ಬರೆಯಿರಿ, ಮೇಜು ಮೊಣಕೈ ಮಟ್ಟಕ್ಕಿರಲಿ. ಲೋಕಲ್ ರೈಲಿನಲ್ಲಿ ಕೂರಲು ಸೀಟು ಸಿಕ್ಕಿದರೆ ಮನೆಗೆ ಬಂದು ಹೇಳಿಕೊಳ್ಳುವ ಊರು ಇದು. ಅಂಥ ಊರಿನಲ್ಲಿ ದುಡ್ಡು ಕೊಟ್ಟು ನಿಲ್ಲಲು ಹೊರಟವರು ಅಪ್ಪ ಒಬ್ಬರೇ ಇರಬೇಕು.

ಅಂಗಡಿಯ ದೂಜ ಅಂಕಲ್ ಬಳಿ ಎತ್ತರದ ಮೇಜು ಎರಡಿದ್ದವು. ಒಂದು ಸಣ್ಣದು, ಬ್ಯಾಂಕಿನಲ್ಲಿ ಚಲನ್ ತುಂಬಲು ಇಡುತ್ತಾರಲ್ಲ, ಅಂಥದ್ದು. ಇನ್ನೊಂದು ನಕ್ಷೆ ಬರೆಯುವವರ ದೊಡ್ಡ ಮೇಜು. ಪಕ್ಕದ ಚಕ್ರ ತಿರುಗಿಸಿದರೆ ಹಲಗೆ ಮೇಲೇರುತ್ತಿತ್ತು, ಉಲ್ಟಾ ತಿರುಗಿಸಿದರೆ ಇಳಿಯುತ್ತಿತ್ತು.

"ಇದನ್ನೇ ಕೊಂಡ್ಹೋಗಿ ಮಾರಾಯ್ರೆ," ಎಂದರು ದೂಜ ಅಂಕಲ್. "ಯಾರಿಗೆ ಎಷ್ಟು ಬೇಕೋ ಅಷ್ಟು ಎತ್ತರ."

ಅಪ್ಪ ಚಕ್ರ ಹಿಡಿದು ಮೇಲೆ ಕೆಳಗೆ ಆಡಿಸತೊಡಗಿದರು. ಪಕ್ಕದಲ್ಲಿ ಮಗಳಿದ್ದಾಳೆ ಎನ್ನುವುದೂ ಮರೆತುಹೋಯಿತು.

ಪದ್ದು ಟೇಪನ್ನು ಕೊರಳಿಗೆ ಹಾಕಿಕೊಂಡು ಹಲಗೆಯ ಅಗಲ ನೋಡಿದಳು. ಅವರದ್ದು ಒಂದು ರೂಮು, ಒಂದು ಅಡುಗೆಮನೆ. ರೂಮಿನ ಕಿಟಕಿಯ ಕೆಳಗೆ ಅವಳ ಪುಸ್ತಕದ ಪೆಟ್ಟಿಗೆ, ಅವಳ ಸ್ಟೂಲು. ಅಲ್ಲಿ ಕೂತರೆ ಸ್ಟೇಷನ್ ಬ್ರಿಡ್ಜು, ಬ್ರಿಡ್ಜಿನ ಮೇಲಿನ ಜನ, ಕೆಳಗೆ ಓಡುವ ಫಾಸ್ಟ್ ಲೋಕಲ್ ಎಲ್ಲ ಕಾಣುತ್ತಿತ್ತು. ಇಡೀ ಮನೆಯಲ್ಲಿ ಅವಳದ್ದು ಅಂತ ಇದ್ದದ್ದು ಆ ಮೂಲೆ ಒಂದೇ. ಚಕ್ರದ ಮೇಜು ಬಂದರೆ ಕಿಟಕಿಯ ಪಕ್ಕ ಪೂರ್ತಿ ಅದಕ್ಕೇ ಹೋಗುತ್ತದೆ. "ನೀನು ಅಡುಗೆಮನೇಲಿ ಕೂತು ಓದ್ಕೋ," ಎಂದು ಅಪ್ಪ ಆಗಲೇ ಹೇಳಿಯೂ ಆಗಿತ್ತು.

"ಅಪ್ಪ, ಇದು ಕರ್ ಕರ್ ಅನ್ನತ್ತೆ. ಕೆಳಗಿನ ಆಂಟಿ ಕಂಪ್ಲೇಂಟ್ ಮಾಡ್ತಾರೆ."

"ಎಣ್ಣೆ ಬಿಟ್ರಾಯ್ತು."

"ಚಕ್ರಕ್ಕೆ ನಿನ್ ಪಂಚೆ ಸಿಕ್ಕೊಂಡ್ರೆ?"

ಅಪ್ಪ ಚಕ್ರದಿಂದ ಕೈ ತೆಗೆದರು. ಮನೆಯಲ್ಲಿ ಅವರು ಉಡುತ್ತಿದ್ದದ್ದು ಪಂಚೆ. ಅದು ಸುಮ್ಮನೆ ನಡೆಯುವಾಗಲೇ ನೆಟ್ಟಗೆ ನಿಲ್ಲುವ ಜಾತಿಯದ್ದಲ್ಲ.

ಪದ್ದು ತಡಮಾಡದೆ ಸಣ್ಣ ಮೇಜಿಗೆ ಟೇಪು ಹಿಡಿದಳು. ಅಪ್ಪನ ಮೊಣಕೈಗೂ ಅದಕ್ಕೂ ಒಂದೇ ಅಳತೆ. "ಪರ್ಫೆಕ್ಟ್," ಎಂದಳು.

"ಸರಿ ಬಾರದಿದ್ರೆ ತನ್ನಿ, ಬದಲಾಯಿಸಿ ಕೊಡುವ," ಎಂದರು ದೂಜ ಅಂಕಲ್.

ಮನೆಗೆ ಬಂದು ಅಪ್ಪ ಕೈಕಾಲು ತೊಳೆದು, ಪಂಚೆ ಉಟ್ಟು, ಪೆನ್ನು ಹಿಡಿದು, ದೇವರ ಗೂಡಿನ ಪಕ್ಕ ಇಟ್ಟ ಸಣ್ಣ ಮೇಜಿನ ಮುಂದೆ ನಿಂತರು. ಹೆಗಲು ಕಿವಿಯ ಹತ್ತಿರ ಹೋಯಿತು.

"ಇದೇನೇ, ದಾರೀಲಿ ಬೆಳೀತಾ?"

ಇಬ್ಬರೂ ಮೇಜು ನೋಡಿದರು. ಆಮೇಲೆ ಇಬ್ಬರೂ ಬಾಗಿಲ ಬಳಿ ಬಿಟ್ಟಿದ್ದ ಶೂ ನೋಡಿದರು. ದಪ್ಪ ಹಿಮ್ಮಡಿಯ, ಅಪ್ಪನ ಪ್ರೀತಿಯ ಶೂ. ಅಂಗಡಿಯಲ್ಲಿ ಅಳತೆ ತೆಗೆದದ್ದು ಅದರ ಮೇಲೆ ನಿಂತ ಅಪ್ಪನದ್ದು. ಮನೆಯಲ್ಲಿ ಬರೆಯಬೇಕಾದದ್ದು ಬರಿಗಾಲಿನ ಅಪ್ಪ.

"ಶೂ ಒರೆಸಿ ಹಾಕ್ಕೊಂಡ್ರೆ ಏನಾಗತ್ತೆ?" ಎಂದರು ಅಪ್ಪ.

"ಏನೂ ಆಗಲ್ಲ," ಎಂದರು ಅಮ್ಮ ಒಳಗಿನಿಂದ. "ದೇವರ ಗೂಡಿನ ಮುಂದೆ ಶೂ ಹಾಕ್ಕೊಂಡು ನಿಂತ್ಕೊಳ್ಳಿ. ಊಟಾನೂ ಬಾಗಿಲಾಚೇನೇ ಬಡಿಸ್ತೀನಿ."

ಅಪ್ಪ ಶೂ ಆಸೆ ಬಿಟ್ಟರು. ಅಡುಗೆಮನೆಗೆ ಹೋಗಿ ಅಲ್ಲಿದ್ದ ಮರದ ಮಣೆ ತಂದು, ಮೇಜಿನ ಮುಂದೆ ಹಾಕಿ, ಹತ್ತಿ ನಿಂತರು. ಮೊಣಕೈ ಸರಿಹೋಯಿತು. "ಹೇಗಿದೆ ನನ್ನ ಆಫೀಸು?" ಎಂದು ಹಲ್ಲುಪುಡಿ ಬರೆಯತೊಡಗಿದರು. ಮೂಲೆ ಉಳಿಯಿತಲ್ಲ ಎಂದು ಪದ್ದು ಖುಷಿಯಿಂದ ಗಣಿತದ ಪುಸ್ತಕ ತೆಗೆದಳು.

ಸಂಜೆ ನೀರು ಕುಡಿಯಲು ಒಳಗೆ ಹೋದಾಗ ಅಮ್ಮ ಚಪಾತಿ ಹಿಟ್ಟು ನಾದುತ್ತಿದ್ದರು. ಆ ಒಲೆಕಟ್ಟೆ ಕಟ್ಟಿಸಿದ್ದು ಮೊದಲಿದ್ದ ಪಂಜಾಬಿಯವರು. ಅವರ ಮನೆಯಲ್ಲಿ ಎಲ್ಲರೂ ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಉದ್ದ. ಅಮ್ಮ ಗಿಡ್ಡ. ತುದಿಗಾಲಿನಲ್ಲಿ ನಿಂತು ಮೊಣಕೈ ಎತ್ತಿ ಹಿಟ್ಟು ಒತ್ತುತ್ತಿದ್ದರು. ಹಿಟ್ಟು ಜಗ್ಗುತ್ತಿರಲಿಲ್ಲ.

"ಯಾಕಮ್ಮ ಹಾಗೆ ನಿಂತಿದ್ದೀಯ?"

"ಮಣೆ ನಿಮ್ಮಪ್ಪನ ಆಫೀಸಿಗೆ ಹೋಗಿದ್ಯಲ್ಲ."

"ಮಣೆ ಇದ್ರೆ ಸರಿಯಾಗತ್ತಾ?"

"ಏನೋ ಒಂದು. ಅದರ ಮೇಲೆ ನಿಂತೂ ನಿಂತೂ ಕಾಲು ಜೋಮು ಹಿಡಿಯತ್ತೆ. ಅಭ್ಯಾಸ ಆಗಿದೆ ಬಿಡು," ಎಂದು ಅಮ್ಮ ಹೆಗಲು ಒತ್ತಿಕೊಂಡರು.

ಟೇಪು ಇನ್ನೂ ಪದ್ದುವಿನ ಕೊರಳಲ್ಲೇ ಇತ್ತು. "ಕೈ ಮಡಿಸು," ಎಂದಳು. ಅಮ್ಮ ನಗುತ್ತಾ ಹಿಟ್ಟಿನ ಕೈ ಮಡಿಸಿದರು. ಅಮ್ಮನ ಮೊಣಕೈ ಕಟ್ಟೆಯ ಅಂಚಿಗಿಂತ ಕೆಳಗಿತ್ತು.

ಅಪ್ಪನ ಮೊಣಕೈಗಾಗಿ ಡಾಕ್ಟರಾಯಿತು, ಅಂಗಡಿಯಾಯಿತು, ಇಡೀ ಭಾನುವಾರವಾಯಿತು. ಈ ಕಟ್ಟೆಯ ಹತ್ತಿರ ಟೇಪು ತಂದವರು ಯಾರೂ ಇಲ್ಲ. ಇಲ್ಲೇ ದಿನಾ ನಿಂತು ನೀರು ಕುಡಿದ ತಾನೂ ನೋಡಿರಲಿಲ್ಲ ಎಂದು ಪದ್ದುವಿಗೆ ನಾಚಿಕೆಯಾಯಿತು.

ಹೊರಗೆ ಬಂದು ತನ್ನ ಮೂಲೆ ನೋಡಿದಳು. ಬ್ರಿಡ್ಜಿನ ಮೇಲೆ ದೀಪ ಹತ್ತಿತ್ತು. ಬಿಟ್ಟುಕೊಡಲು ಮನಸ್ಸೇ ಬರಲಿಲ್ಲ. ಆಮೇಲೆ ಅಪ್ಪನ ಕಾಲಡಿಯ ಮಣೆ ನೋಡಿದಳು.

"ಅಪ್ಪ, ಚಕ್ರದ ಮೇಜೇ ತರೋಣ."

"ಪಂಚೆ ಸಿಕ್ಕೊಳ್ಳತ್ತೆ ಅಂದ್ಯಲ್ಲೇ?"

"ಎತ್ತಿ ಕಟ್ಕೋ."

ಮಾರನೆಯ ದಿನ ಚಕ್ರದ ಮೇಜು ಮೆಟ್ಟಿಲ ಗೋಡೆಗೆಲ್ಲ ತಾಗಿಕೊಂಡು ಮೇಲೆ ಬಂತು. ಕಿಟಕಿ ಪಕ್ಕದ ಜಾಗವೆಲ್ಲ ತುಂಬಿತು. ಪೆಟ್ಟಿಗೆ ಅಡುಗೆಮನೆಗೆ ಹೋಯಿತು. ಅಪ್ಪ ಪಂಚೆ ಎತ್ತಿ ಕಟ್ಟಿ ಬರೆದು ಮುಗಿಸಿ, ಸಂಜೆ ಅದನ್ನು ಆಡ್ ಕಂಪನಿಗೆ ಕೊಡಲು ಹೊರಟರು.

ಅವರು ಮೆಟ್ಟಿಲು ಇಳಿದದ್ದೇ ತಡ, ಪದ್ದು ಹಾಳೆಗಳನ್ನೆಲ್ಲ ಮಂಚಕ್ಕೆ ಸಾಗಿಸಿ, ಅಮ್ಮನನ್ನು ಕೈಹಿಡಿದು ಎಳೆದು ತಂದಳು.

"ಇಲ್ಲಿ ನಿಂತ್ಕೋ. ಸರಿ ಬಂದಾಗ ಸಾಕು ಅನ್ನು."

"ನಿಮ್ಮಪ್ಪ ಬೈಯಲ್ವಾ?"

"ಬರೋಷ್ಟ್ರಲ್ಲಿ ಏರಿಸ್ತೀನಿ."

ಚಕ್ರ ಕರ್ ಕರ್ ಎಂದಿತು. ಹಲಗೆ ಇಳಿಯುತ್ತಾ ಒಲೆಕಟ್ಟೆಯ ಮಟ್ಟಕ್ಕೆ ಬಂತು. ಅಮ್ಮ ಸಾಕು ಎನ್ನಲಿಲ್ಲ. ಪದ್ದು ತಿರುಗಿಸುತ್ತಲೇ ಹೋದಳು.

"ಇನ್ನೂ ಸ್ವಲ್ಪ," ಎಂದರು ಅಮ್ಮ ಸಂಕೋಚದಿಂದ.

ಇಷ್ಟು ಕೆಳಗೆ ಬೇಕಿತ್ತೇ ಎಂದು ಪದ್ದುವಿಗೆ ಅಚ್ಚರಿಯಾಯಿತು.

"ಸಾಕು."

ಅಮ್ಮ ಹಿಟ್ಟಿನ ಪರಾತ ತಂದಿಟ್ಟು ನಾದತೊಡಗಿದರು. ಹಿಟ್ಟು ಈಗ ತಂಟೆ ಮಾಡಲಿಲ್ಲ. ನಾದುತ್ತಾ ನಾದುತ್ತಾ ಅಮ್ಮ ತಲೆಯೆತ್ತಿ ಕಿಟಕಿಯಾಚೆ ನೋಡಿದರು.

"ಅಯ್ಯೋ, ಇಲ್ಲಿಂದ ಬ್ರಿಡ್ಜು ಕಾಣತ್ತೇನೇ?"

"ಹೂಂ. ಸ್ವಲ್ಪ ತಡಿ, ಫಾಸ್ಟ್ ಲೋಕಲ್ಲೂ ಬರತ್ತೆ."

ಅಮ್ಮ ನೋಡುತ್ತಲೇ ನಿಂತರು. ಪದ್ದು ಮಣೆ ಎಳೆದುಕೊಂಡು ಮೇಜಿನ ಪಕ್ಕ ಕೂತು, ಗಣಿತದ ಪುಸ್ತಕವನ್ನು ತೊಡೆಯ ಮೇಲೆ ತೆರೆದಳು. ಅಲ್ಲಿಂದ ಅವಳಿಗೆ ಕಿಟಕಿ ಕಾಣುತ್ತಿರಲಿಲ್ಲ. ಅಮ್ಮನ ಕಾಲುಗಳು ಕಾಣುತ್ತಿದ್ದವು. ಎರಡೂ ಹಿಮ್ಮಡಿಗಳು ನೆಲದ ಮೇಲಿದ್ದವು.