ಒಂದು ಐವತ್ತೈದಕ್ಕೆ ಬರುವ ಹೆಸರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇಂಥ ಕತೆ ಹೇಳುವ ಗಂಡಸು ನಾನಲ್ಲ. ಆರಡಿ ಎತ್ತರವಿಲ್ಲ, ಜೇಬಿನಲ್ಲಿ ಪಿಸ್ತೂಲಿಲ್ಲ. ಇರುವುದು ಸಂಜೆ ತರಗತಿಯ ಒಂದು ಡಿಪ್ಲೊಮಾ... ಅದೂ ಎರಡನೆಯ ಸಲ ಪರೀಕ್ಷೆ ಕಟ್ಟಿ ಪಾಸಾದದ್ದು. ಎಲ್ಲಾದರೂ ತಪ್ಪಿದರೆ ಅಲ್ಲೇ ತಡೆಯಿರಿ.

ಆದರೆ ಕೇಳಿ.

"ಇನ್ನು ಇಪ್ಪತ್ತು ಸೆಕೆಂಡು," ಎಂದಿತು ಗೋಡೆ.

ರೆಕಾರ್ಡ್ ಮಾಡಿದ ಹೆಣ್ಣು ದನಿ. ಬಹಳ ಮರ್ಯಾದಸ್ಥ ದನಿ.

ನಾನಿದ್ದದ್ದು ಕಂಪ್ಯೂಟರ್ ಕಂಪನಿಯ ಗೋಡೌನಿನ ಒಳಕೋಣೆಯಲ್ಲಿ. ದುಬಾರಿ ಬಿಡಿಭಾಗಗಳನ್ನು ಇಡುವ ಜಾಗ. ಕಿಟಕಿಯಿಲ್ಲ. ಬಾಗಿಲಲ್ಲಿ ಅಂಗೈಯಗಲದ ಗಾಜು. ಇಲ್ಲಿ ಬೆಂಕಿಯ ಅಲಾರಂ ಹೊಡೆದರೆ ನೀರು ಸುರಿಯುವುದಿಲ್ಲ, ಗ್ಯಾಸ್ ಸುರಿಯುತ್ತದೆ. ಅದು ಉಸಿರಾಡುವ ಗಾಳಿಯನ್ನೆಲ್ಲ ಆಚೆ ನೂಕುತ್ತದೆ. ಬೆಂಕಿ ಸಾಯುತ್ತದೆ.

ಒಳಗಿದ್ದವನೂ ಸಾಯುತ್ತಾನೆ.

ಬೆಂಕಿ ಎಲ್ಲೂ ಇರಲಿಲ್ಲ. ಅಲಾರಂ ಒತ್ತಿ, ಬಾಗಿಲು ಲಾಕ್ ಮಾಡಿದವನು ಗಾಜಿನ ಆಚೆ ನಿಂತು ನಗುತ್ತಿದ್ದ.

"ಹದಿನೈದು ಸೆಕೆಂಡು."

ಗೋಡೆಯ ಮೇಲೆ ಹಳದಿ ಬಟನ್. ಒತ್ತಿ ಹಿಡಿದರೆ ಎಣಿಕೆ ನಿಲ್ಲುತ್ತದೆ. ಬಿಟ್ಟರೆ ನಿಂತಲ್ಲಿಂದಲೇ ಮತ್ತೆ ಶುರು.

ಹಾರಿ ಒತ್ತಿದೆ!

ದನಿ ನಿಂತಿತು. ಬಟನ್ನಿನಿಂದ ಬಾಗಿಲಿಗೆ ಎಂಟು ಹೆಜ್ಜೆ. ನನ್ನ ಕೈ ಎರಡೂವರೆ ಅಡಿ.

"ಬಿಡು ತಮ್ಮಾ, ಕೈ ನೋಯುತ್ತೆ," ಎಂದ ಅವನು, ಬಾಗಿಲ ಪಕ್ಕದ ಸ್ಪೀಕರಿನಲ್ಲಿ.

ಅವನು ನಮ್ಮ ಮಾರಾಟದ ಮ್ಯಾನೇಜರ್. ಆಫೀಸಿನಲ್ಲೆಲ್ಲ ಅವನಿಗೆ ನಗುಮುಖ ಎಂದೇ ಹೆಸರು.

"ಸಾರ್, ಅದು ಉರಿಯೋ ಬ್ಯಾಟರಿ!"

"ನೂರಕ್ಕೆ ಎರಡು ಉರೀತವೆ. ತೊಂಬತ್ತೆಂಟು ಚೆನ್ನಾಗೇ ಇರ್ತವಲ್ಲ. ನೀನು ಯಾವಾಗ್ಲೂ ಕೆಟ್ಟದ್ದನ್ನೇ ನೋಡ್ತೀಯ ನೋಡು."

"ನನ್ನ ತಂಗಿ ಅಲ್ಲಿ ಕೂತಿರ್ತಾಳೆ ಸಾರ್..."

"ಹೌದಾ? ಒಂದು ಫೋನ್ ಮಾಡಿ ರಜೆ ಹಾಕ್ಸು." ನಕ್ಕ. "ಓ... ಒಳಗೆ ಸಿಗ್ನಲ್ ಬರಲ್ಲ, ಅಲ್ವಾ?"

ಹೊರಗೆ ಲಾರಿಯ ಹಾರ್ನ್ ಕೇಳಿಸಿತು.

"ರೆಕಾರ್ಡಲ್ಲೆಲ್ಲ ನಿನ್ನ ಹೆಸರೇ ಇದೆ ತಮ್ಮಾ. ತಪ್ಪು ಮಾಡಿದ, ಹೆದರಿದ, ಬಾಗಿಲು ಹಾಕ್ಕೊಂಡ. ಪಾಪ ಅಂತಾರೆ ಬಿಡು."

ಗಾಜು ಖಾಲಿಯಾಯಿತು.

ಇದು ಎಲ್ಲಿಂದ ಶುರುವಾಯಿತು ಎಂದು ಹೇಳದಿದ್ದರೆ ನಿಮಗೆ ಅನ್ಯಾಯ. ಬಟನ್ ಒತ್ತಿಕೊಂಡೇ ಇದ್ದೇನೆ, ಕೇಳಿ.

ನನ್ನ ಕೆಲಸ ನಂಬರ್ ಹುಡುಕುವುದು. ನಮ್ಮ ಕಂಪನಿಯ ಪಟ್ಟಿಯಲ್ಲಿ ಏಳು ಲಕ್ಷ ಬಿಡಿಭಾಗಗಳಿವೆ. ಗಿರಾಕಿ ಫೋನ್ ಮಾಡಿ, "ಫ್ಯಾನ್ ಪಕ್ಕ ಕರ‍್ರಗೆ ಇರುತ್ತಲ್ಲ, ಅದು ಹೋಯ್ತು" ಎನ್ನುತ್ತಾನೆ. ಅದರ ನಂಬರ್ ಯಾವುದು, ಇವತ್ತಿನ ಬೆಲೆ ಎಷ್ಟು, ನಾನು ಹೇಳಬೇಕು.

ಕಲಿಸಿದವರು ದೊಡ್ಡಕ್ಕ. ಮೂವತ್ತೊಂದು ವರ್ಷ ಆ ಮೇಜಿನಲ್ಲಿ ಕೂತವರು. ನನಗೆ ಸ್ವಂತ ಅಕ್ಕನಲ್ಲ, ಆದರೂ ಸಂಜೆ ತರಗತಿಯ ಫಾರಂ ತಂದು ನನ್ನ ಮುಂದೆ ಕುಕ್ಕಿದವರು ಅವರೇ. "ಎಷ್ಟು ದಿನಾಂತ ಕೇಳ್ದವರಿಗೆಲ್ಲ ಸಾರಿ ಸಾರಿ ಅಂತಿರ್ತೀಯ? ಸೈನ್ ಹಾಕು!" ಎಂದಿದ್ದರು. ನನ್ನ ಟೈಮ್‌ಟೇಬಲ್ಲನ್ನು ತಮ್ಮ ಡ್ರಾಯರಿನ ಒಳಗೆ ಅಂಟಿಸಿಕೊಂಡಿದ್ದರು. ಐದೂವರೆಯಾದರೆ ಸಾಕು, "ಏಳು, ಬಸ್ಸು ತಪ್ಪುತ್ತೆ!"

ಕೆಟ್ಟ ಮಾಲಿನ ನಂಬರನ್ನು ಪಟ್ಟಿಯಿಂದ ಅಳಿಸುವ ಹಾಗಿಲ್ಲ. ಅದಕ್ಕೇ ಬೀಗದ ಬೆಲೆ ಹಾಕುತ್ತೇವೆ. ತೊಂಬತ್ತೊಂಬತ್ತು ಲಕ್ಷ ಚಿಲ್ಲರೆ. ಅಷ್ಟು ಬೆಲೆಯ ಆರ್ಡರನ್ನು ಕಂಪ್ಯೂಟರ್ ತಾನಾಗಿಯೇ ತಿರಸ್ಕರಿಸುತ್ತದೆ. ದೊಡ್ಡಕ್ಕ ಬೀಗ ಹಾಕಿದ್ದ ನಂಬರುಗಳಲ್ಲಿ 74-2218 ಒಂದು. ಬ್ಯಾಟರಿ ಪೆಟ್ಟಿಗೆ. ಊದಿಕೊಳ್ಳುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ. ಉಳಿದ ಮಾಲನ್ನೆಲ್ಲ ನಾಶ ಮಾಡಿ ಎಂದು ಆದೇಶ ಬಂದಿತ್ತು. ನಾಶ ಮಾಡಿಸುವ ಜವಾಬ್ದಾರಿ ನಗುಮುಖನದು.

ದೊಡ್ಡಕ್ಕ ಆಸ್ಪತ್ರೆ ಸೇರಿದರು. ಎರಡು ತಿಂಗಳು. ಆಮೇಲೆ... ಇಲ್ಲ.

ಅವರ ಸ್ವೆಟರ್ ಕುರ್ಚಿಯ ಬೆನ್ನಿಗೇ ಇತ್ತು. ಅವರ ಲಾಗಿನ್ ಮುಚ್ಚುವುದು ನನ್ನ ಕೆಲಸ. ಮುಚ್ಚಲಿಲ್ಲ. ಪರದೆಯ ಮೂಲೆಯ ಪಟ್ಟಿಯಲ್ಲಿ ಅವರ ಹೆಸರಿರಲಿ ಎನಿಸಿತು. ಅಷ್ಟೇ.

ಅವರು ಹೋದ ಮೂರನೆಯ ದಿನ ಮತ್ತೆ ಕೆಲಸಕ್ಕೆ ಕೂತೆ. ಮಧ್ಯಾಹ್ನ ಒಂದು ಐವತ್ತೈದಕ್ಕೆ ಆ ದಿನದ ಬದಲಾವಣೆಗಳ ಪಟ್ಟಿಯಲ್ಲಿ ಒಂದು ಸಾಲು ಮೂಡಿತು.

74-2218. ಬದಲಿಸಿದವರು: ದೊಡ್ಡಕ್ಕನ ಹೆಸರು.

ಸ್ವೆಟರಿನ ಕಡೆ ನೋಡಿದೆ. ಅದು ಅಲ್ಲಾಡಲಿಲ್ಲ, ನಿಜ ಹೇಳುತ್ತೇನೆ. ನಾನೇ ಅಲ್ಲಾಡಿದೆ.

ಮರುದಿನ ಮತ್ತೆ. ಒಂದು ಐವತ್ತೈದು. ಅದರ ಮರುದಿನವೂ!

ಒಳಗೆ ತೆರೆದು ಏನು ಬದಲಾಗಿದೆ ಎಂದು ನೋಡಬಹುದಿತ್ತು. ನೋಡಲಿಲ್ಲ. ಊಟದ ಡಬ್ಬಿ ತೆರೆಯಲೂ ಆಗದೆ ಒಂದು ಐವತ್ತೈದಕ್ಕೆ ಕಾಯುತ್ತ ಕೂರುತ್ತಿದ್ದೆ. ಹದಿನೆಂಟು ದಿನ ಹೀಗೆ. ದೂರು ಬರೆದೆ, ಅಳಿಸಿದೆ. ಕೊನೆಗೆ ನಗುಮುಖನ ಬಳಿ ಬಾಯಿ ಬಿಟ್ಟೆ.

"ಸತ್ತವರ ಹೆಸರಲ್ಲಿ ಯಾರೋ ಆಟ ಆಡ್ತಿದಾರೆ ತಮ್ಮಾ," ಎಂದ ಅವನು, ಎದೆಯ ಮೇಲೆ ಕೈಯಿಟ್ಟು. "ಇವತ್ತೇ ಲಾಗಿನ್ ಮುಚ್ಚಿಬಿಡು. ಅವರ ಆತ್ಮಕ್ಕಾದ್ರೂ ಶಾಂತಿ ಸಿಗ್ಲಿ."

ಮುಚ್ಚಿದೆ. ಒಂದೂವರೆಗೆ.

ಒಂದು ಐವತ್ತೈದು ಬಂತು. ಸಾಲು ಬರಲಿಲ್ಲ. ಅನ್ನ ಗಂಟಲಲ್ಲಿ ಇಳಿಯಿತು.

ಎರಡು ಗಂಟೆಗೆ ದಿನದ ಆರ್ಡರುಗಳು ಪಾಸಾಗುತ್ತವೆ. ಎರಡು ಹತ್ತಕ್ಕೆ ಚೀಟಿಗಳು ನನ್ನ ಮೇಜಿಗೆ ಬಂದವು. ಮೂರನೆಯದು:

74-2218. ನಲವತ್ತೆಂಟು ಪೆಟ್ಟಿಗೆ. ಮಾಮೂಲಿ ಬೆಲೆ. ಆಂಬುಲೆನ್ಸ್ ಕಂಟ್ರೋಲ್ ರೂಮ್. ಇಂದೇ ತಲುಪಿಸಿ ಜೋಡಿಸುವುದು.

ಕಂಟ್ರೋಲ್ ರೂಮ್ ಇರುವುದು ನೆಲಮಾಳಿಗೆಯಲ್ಲಿ. ಒಂದೇ ಬಾಗಿಲು. ಬ್ಯಾಟರಿಗಳ ಸಾಲು ಆಪರೇಟರುಗಳ ಕುರ್ಚಿಯ ಹಿಂದೆಯೇ. ಎರಡನೆಯ ಕುರ್ಚಿ ನನ್ನ ತಂಗಿಯದು.

ಆಗ ತೆರೆದೆ ಆ ನಂಬರಿನ ಇತಿಹಾಸವನ್ನು. ಐದು ವಾರಗಳ ಸಾಲುಗಳು. ಮೊದಲ ಕೆಲವು ದೊಡ್ಡಕ್ಕ ಬದುಕಿದ್ದಾಗಿನವು, ಆಗ ನಾನು ಗಮನಿಸಿರಲೇ ಇಲ್ಲ.

ಮಾಮೂಲಿ ಬೆಲೆ — ನನ್ನ ಹೆಸರು.

ಬೀಗದ ಬೆಲೆ — ದೊಡ್ಡಕ್ಕ.

ನನ್ನ ಹೆಸರು. ದೊಡ್ಡಕ್ಕ. ನನ್ನ ಹೆಸರು. ದೊಡ್ಡಕ್ಕ...

ನಮ್ಮಲ್ಲಿ ಮುಂದಿನ ದಿನಾಂಕಕ್ಕೆ ಬೆಲೆ ಬರೆದಿಡಬಹುದು. ಆ ದಿನ ಆ ಗಳಿಗೆಗೆ ಅದು ತಾನಾಗಿ ಜಾರಿಗೆ ಬರುತ್ತದೆ. ದೊಡ್ಡಕ್ಕ ಆಸ್ಪತ್ರೆಯ ಹಾಸಿಗೆಯಲ್ಲಿ ಕಂಪನಿಯ ಲ್ಯಾಪ್‌ಟಾಪ್ ಮಡಿಲಿಗೆ ಇಟ್ಟುಕೊಂಡು, ಪ್ರತಿ ಕೆಲಸದ ದಿನಕ್ಕೂ, ಆರ್ಡರ್ ಪಾಸಾಗುವ ಐದು ನಿಮಿಷ ಮೊದಲು ಬೀಗ ಬೀಳುವಂತೆ ಬರೆದಿಟ್ಟಿದ್ದರು. ಎರಡು ವರ್ಷಕ್ಕೆ. ಒಂದೊಂದಾಗಿ. ಐನೂರಕ್ಕೂ ಹೆಚ್ಚು ಸಾಲು.

ಲಾಗಿನ್ ಮುಚ್ಚಿದರೆ ಬರೆದಿಟ್ಟದ್ದೆಲ್ಲ ರದ್ದು. ಈ ನಿಯಮ ನನಗೆ ಗೊತ್ತಿತ್ತು! ಹೆದರಿದ ತಲೆಗೆ ನಿಯಮ ನೆನಪಾಗುವುದಿಲ್ಲ.

ನನ್ನ ಹೆಸರು ಹೇಗೆ ಬಂತು? ಅದೂ ನನ್ನದೇ ಪುಣ್ಯ. ಪರೀಕ್ಷೆಯ ಸಮಯದಲ್ಲಿ ನಗುಮುಖ ಬಂದು, "ಹೋಗಿ ಬರಿ ತಮ್ಮಾ, ಮಿಕ್ಕ ಕೆಲ್ಸ ನಾನು ಮುಗಿಸ್ತೀನಿ, ಪಾಸ್‌ವರ್ಡ್ ಕೊಡು" ಎಂದಿದ್ದ. ಕಣ್ಣಲ್ಲಿ ನೀರು ತಂದುಕೊಂಡು ಕೊಟ್ಟಿದ್ದೆ.

ತಂಗಿಗೆ ಫೋನ್ ಮಾಡಿದೆ. ಡ್ಯೂಟಿಯಲ್ಲಿ ಮೊಬೈಲ್ ಆಫ್. ಮಾಲು ಇನ್ನೂ ಇದೆಯೇ ನೋಡೋಣವೆಂದು ಗೋಡೌನಿಗೆ ಓಡಿದೆ. ಕಪಾಟು ಖಾಲಿ. ಬೆನ್ನ ಹಿಂದೆ ಬಾಗಿಲು ಕಚ್ಚಿಕೊಂಡ ಸದ್ದು.

ಈಗ ಬಟನ್ನಿಗೆ ಬನ್ನಿ. ಹೆಬ್ಬೆರಳು ಮರಗಟ್ಟಿದೆ.

ನನ್ನ ಮಣಿಕಟ್ಟಿಗೆ ಒಂದು ಪಟ್ಟಿ ಇತ್ತು. ಮೈಯ ಕರೆಂಟು ಬಿಡಿಭಾಗಗಳಿಗೆ ತಗಲದಿರಲೆಂದು ಒಳಕೋಣೆಗೆ ಬಂದವರು ಕಟ್ಟಿಕೊಳ್ಳಬೇಕಾದ ಪಟ್ಟಿ. ಯಾರೂ ಕಟ್ಟಿಕೊಳ್ಳುವುದಿಲ್ಲ. ಜೀವ ಬಾಯಿಗೆ ಬಂದಿದ್ದರೂ ನಾನು ಕಟ್ಟಿಕೊಂಡಿದ್ದೆ. ನಿಯಮ!

ಹಲ್ಲಿನಿಂದ ಬಿಚ್ಚಿದೆ. ಜೇಬಿನ ರಬ್ಬರನ್ನು ಬಟನ್ ಮೇಲಿಟ್ಟು, ಬಟನ್ನಿನ ಡಬ್ಬಿಯ ಸುತ್ತ ಪಟ್ಟಿ ಬಿಗಿದೆ. ಕೈ ಬಿಟ್ಟೆ.

ನಿಂತಿತು!

ಬಾಗಿಲ ಮೇಲೆ ಲಾಕಿನ ಕಂಟ್ರೋಲ್ ಪೆಟ್ಟಿಗೆ. ಕರೆಂಟ್ ತೆಗೆದರೆ ಲಾಕ್ ಬಿಡುತ್ತದೆ. ಆದರೆ ಪೆಟ್ಟಿಗೆಗೂ ಬೀಗ. ನಮ್ಮ ಕಂಪನಿಯ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಕೀ. 11-0306. ಏಳನೆಯ ಸಾಲು, ನಾಲ್ಕನೆಯ ಗೂಡು.

ನನಗೆ ಗೊತ್ತಿರುವ ವಿದ್ಯೆ ಇದೊಂದೇ.

ಗೂಡಿಗೆ ಕೈ ಹಾಕಿದೆ. ಹಿಂದೆ ಟಪ್ ಎಂದಿತು. ರಬ್ಬರ್ ಜಾರಿತ್ತು.

"ಹತ್ತು ಸೆಕೆಂಡು."

ಕೀ ಸಿಕ್ಕಿತು... ಬಿತ್ತು... ಸಿಕ್ಕಿತು!

"ಐದು."

ಸ್ಟೂಲ್ ಹತ್ತಿದೆ. ಕೀ ತಿರುವಿದೆ. ಒಳಗೆ ಮೂರು ವೈರು. ಯಾವುದು? ಸಂದೇಹ ಬಂತು. ನನಗೆ ಯಾವಾಗಲೂ ಬರುತ್ತದೆ.

ಮೂರನ್ನೂ ಕಿತ್ತೆ!

ಬಾಗಿಲು ಸಡಿಲಾಯಿತು. ಹೊರಗೆ ಬಿದ್ದೆ. ಹಿಂದೆ ಬಾಗಿಲು ಮುಚ್ಚಿಕೊಂಡು, ಗ್ಯಾಸ್ ಹೊಡೆದ ಸದ್ದಿಗೆ ಗಾಜು ನಡುಗಿತು.

ಗೇಟಿನಲ್ಲಿ ಗೋಡೌನ್ ಕಾಯುವ ಚಿಕ್ಕಪ್ಪ. ಎಲ್ಲರಿಗೂ ಅವರು ಚಿಕ್ಕಪ್ಪನೇ. ಸ್ಕೂಟರ್ ಒರೆಸುತ್ತಿದ್ದರು.

"ಚಿಕ್ಕಪ್ಪಾ, ಲಾರಿ!"

"ಹೋಯ್ತಲ್ಲಪ್ಪ ಆಗ್ಲೇ. ಸಾಹೇಬ್ರೂ ಮುಂದೆ ಕೂತು ಹೋದ್ರು. ಏನೋ ಇದು, ಮುಖ ಸುಣ್ಣ ಬಳಿದ ಹಾಗಿದೆ?"

"ಸ್ಕೂಟರ್ ಓಡ್ಸಿ! ಬೇಗ!"

"ಹೆಲ್ಮೆಟ್ ಎಲ್ಲಿ ನಿಂದು?"

"ಚಿಕ್ಕಪ್ಪಾ!!"

ಓಡಿಸಿದರು. ವಯಸ್ಸು ಅರವತ್ತೊಂದು, ಓಡಿಸಿದ್ದು ಇಪ್ಪತ್ತೊಂದರ ಹಾಗೆ. ಎರಡು ಸಿಗ್ನಲ್ ಹಾರಿದೆವು. ಫುಟ್‌ಪಾತ್ ಮೇಲೆ ಹತ್ತಿ ಇಳಿದೆವು. ಸೇತುವೆಯ ತುದಿಯಲ್ಲಿ ಲಾರಿ ಕಂಡಿತು. ನಡುವೆ ಅರ್ಧ ಮೈಲಿ ಟ್ರಾಫಿಕ್.

ತಂಗಿಯ ಮೊಬೈಲ್ ಆಫ್. ಆಫೀಸಿನ ನಂಬರ್ ಬ್ಯುಸಿ. ಅವಳು ಎತ್ತಲೇಬೇಕಾದ ನಂಬರ್ ಒಂದೇ ಉಳಿದಿತ್ತು. ಆಂಬುಲೆನ್ಸಿನದು.

"ತುರ್ತು ಸೇವೆ, ಹೇಳಿ." ಬೇರೆ ಹುಡುಗಿಯ ದನಿ.

"ಎರಡನೇ ಕುರ್ಚಿಗೆ ಕೊಡಿ! ಅವಳ ಅಣ್ಣ!"

"ಸಾರ್, ಇದು ಎಮರ್ಜೆನ್ಸಿ ಲೈನು—"

"ಎಮರ್ಜೆನ್ಸಿನೇ ಕಣಮ್ಮಾ!"

ಕ್ಲಿಕ್.

"ಅಣ್ಣಾ? ಬುದ್ಧಿ ಇದೆಯಾ ನಿಂಗೆ? ಈ ಲೈನಿಗೆ ಯಾಕೆ ಮಾಡ್ದೆ? ಕೆಲಸದಿಂದ ತೆಗೀತಾರೆ ನನ್ನ!"

"ಬ್ಯಾಟರಿ ಬರ್ತಿದೆ. ಒಳಗೆ ಬಿಡ್ಬೇಡ. ಮೆಟ್ಟಿಲು ಇಳಿಸೋಕೆ ಬಿಡ್ಬೇಡ!"

"ಯಾಕೆ?"

"ಅದು... ನನಗೆ ಪೂರ್ತಿ ಖಾತ್ರಿ ಇಲ್ಲ, ಆದ್ರೆ ನೂರಕ್ಕೆ ಎರಡು..."

"ಅಣ್ಣಾ! ಜನ್ಮದಲ್ಲಿ ಒಂದ್ಸಲ ನೆಟ್ಟಗೆ ಹೇಳು. ಬಿಡ್ಲೋ, ಬೇಡ್ವೋ?"

ಗಾಳಿ ಕಿವಿಗೆ ಹೊಡೆಯುತ್ತಿತ್ತು.

"ಬೇಡ."

"ಸರಿ. ಇಡು ಫೋನು."

ನಾವು ತಲುಪಿದಾಗ ಪೆಟ್ಟಿಗೆಗಳು ಅಂಗಳದ ಬಿಸಿಲಲ್ಲಿದ್ದವು. ತಂಗಿ ನೆಲಮಾಳಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ತಲೆಯ ಮೇಲೆ ಇನ್ನೂ ಹೆಡ್‌ಫೋನು, ಸೊಂಟದ ಮೇಲೆ ಕೈ. ನಗುಮುಖ ಅವಳೆದುರು ನಗುತ್ತಿದ್ದ.

"ನೋಡಮ್ಮಾ, ನಿಮ್ಮಣ್ಣನಿಗೆ ತಲೆ ಸರಿ ಇಲ್ಲ..."

"ಅದು ನಮ್ಮನೇಲಿ ಎಲ್ರಿಗೂ ಗೊತ್ತು. ನೀವು ಪೆಟ್ಟಿಗೆ ಮುಟ್ಬೇಡಿ."

ಅಷ್ಟರಲ್ಲಿ ಅವನು ನನ್ನನ್ನು ಕಂಡ. ಸತ್ತವನು ಸ್ಕೂಟರ್ ಇಳಿಯುತ್ತಿದ್ದಾನೆ!

ನಗು ಮೊದಲ ಸಲ ಇಳಿಯಿತು.

ಮೂರನೆಯ ಸಾಲಿನ ಪೆಟ್ಟಿಗೆ ಚಿಟ್ ಎಂದಿತು. ಹೊಗೆಯ ಎಳೆ. ಆಮೇಲೆ ಬಿಳಿ ಜ್ವಾಲೆ! ಹತ್ತು ನಿಮಿಷ ಉರಿಯಿತು. ಹನ್ನೊಂದು ಪೆಟ್ಟಿಗೆ ಬೂದಿ. ಅಂಗಳದ ಗೋಡೆ ಕಪ್ಪಾಯಿತು. ಜನಕ್ಕೆ ಏನೂ ಆಗಲಿಲ್ಲ. ನಗುಮುಖ ಓಡಲು ನೋಡಿದ. ಚಿಕ್ಕಪ್ಪ ಸ್ಕೂಟರನ್ನು ಅಡ್ಡ ಹಾಕಿ, "ಎಲ್ಲಿಗೆ ಸಾಹೇಬ್ರೇ, ಹೆಲ್ಮೆಟ್ ಇಲ್ದೆ?" ಎಂದರು.

ತನಿಖೆಯಲ್ಲಿ ಮೊದಲು ಕೂರಿಸಿದ್ದು ನನ್ನನ್ನೇ. ಸಾಲುಸಾಲಾಗಿ ನನ್ನ ಹೆಸರು ಇತ್ತಲ್ಲ. ನನ್ನನ್ನು ಉಳಿಸಿದ್ದು ಒಂದು ಕಾಲಂ. ಇತಿಹಾಸದ ಪುಟದಲ್ಲಿ ದಿನಾಂಕ, ಬೆಲೆ, ಹೆಸರು ಎದುರಿಗೇ ಕಾಣುತ್ತವೆ. ಬದಲಿಸಿದ ಗಂಟೆ ಕಾಣಬೇಕಾದರೆ ಪುಟವನ್ನು ಬಲಕ್ಕೆ ಸರಿಸಬೇಕು. ತನಿಖೆಯವರು ಸರಿಸಿದರು. ನನ್ನ ಹೆಸರಿನ ಪ್ರತಿ ಸಾಲೂ ಸಂಜೆ ಆರೂ ನಲವತ್ತರ ಆಸುಪಾಸು. ಆ ಹೊತ್ತಿಗೆ ನಾನು ತರಗತಿಯಲ್ಲಿದ್ದೆ. ಹಾಜರಿ ಪುಸ್ತಕದಲ್ಲಿ ಸಹಿ ಇತ್ತು.

ದೊಡ್ಡಕ್ಕ ಬೀಗ ಹಾಕುವ ಮೊದಲೇ ಒಂದು ಲಾಟ್ ಹೊರಗೆ ಹೋಗಿದೆ. ಮೂವತ್ತಾರು ಪೆಟ್ಟಿಗೆ. ಇಪ್ಪತ್ತೊಂಬತ್ತನ್ನು ಹುಡುಕಿದ್ದೇನೆ. ಉಳಿದ ಏಳು ಯಾರ ಕುರ್ಚಿಯ ಹಿಂದಿವೆಯೋ, ಗೊತ್ತಿಲ್ಲ. ದಿನಾ ಫೋನ್ ಮಾಡುತ್ತಲೇ ಇದ್ದೇನೆ.

ಇನ್ನೊಂದು ವಿಷಯವೂ ಗೊತ್ತಿಲ್ಲ.

ಆ ಎರಡು ತಿಂಗಳಲ್ಲಿ ಒಂಬತ್ತು ಸಲ ಆಸ್ಪತ್ರೆಗೆ ಹೋಗಿದ್ದೆ. ಪ್ರತಿ ಸಲವೂ ಲ್ಯಾಪ್‌ಟಾಪ್ ಮಡಿಲಲ್ಲಿತ್ತು. ನನ್ನನ್ನು ಕಂಡಾಗಲೆಲ್ಲ ಮುಚ್ಚಿ, "ತರಗತಿ ತಪ್ಪಿಸ್ತಿಲ್ಲ ತಾನೇ?" ಎಂದು ಕೇಳುತ್ತಿದ್ದರು. ಈ ಬ್ಯಾಟರಿಯ ಮಾತು ಒಮ್ಮೆಯೂ ಎತ್ತಲಿಲ್ಲ. ದೂರು ಕೊಡಲಿಲ್ಲ. ಸುಮ್ಮನೆ ಐನೂರು ಸಾಲು ಬೀಗ ಬರೆದರು.

ಆ ಕಳ್ಳತನ ನನ್ನದೆಂದು ನಂಬಿ, ನನ್ನ ತಪ್ಪನ್ನು ಮುಚ್ಚಿಟ್ಟರೋ? ಇಲ್ಲ, ನನ್ನದಲ್ಲವೆಂದು ಗೊತ್ತಿದ್ದು, ಹೇಳಿದರೆ ನಾನು ಹೆದರಿ ಸಾಯುತ್ತೇನೆಂದು ಸುಮ್ಮನಿದ್ದರೋ?

ಪುಟವನ್ನು ಬಲಕ್ಕೆ ಸರಿಸಿ ಆ ಗಂಟೆ ನೋಡಿದ್ದರೆ, ನಾನಲ್ಲವೆಂದು ಅವರಿಗೆ ಗೊತ್ತಿತ್ತು.

ಸರಿಸಿದರೋ ಇಲ್ಲವೋ, ಅದನ್ನು ಮಾತ್ರ ಆ ಕಂಪ್ಯೂಟರ್ ಎಲ್ಲೂ ಬರೆದಿಟ್ಟಿಲ್ಲ. ಹುಡುಕಿದ್ದೇನೆ. ಹುಡುಕುವುದೇ ನನ್ನ ಕೆಲಸ.